ಐಮಂಗಲದಿಂದ ತುಪ್ಪದಹಳ್ಳಿಯವರೆಗೆ: ಗಾಳಿಗೆ ಬಂಡವಾಳ ಹೂಡಿದವರ ಮೂವತ್ತು ವರ್ಷ

1996ರಲ್ಲಿ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ ಎಂಬ ಸರ್ಕಾರಿ ಕಂಪನಿ ಹುಟ್ಟಿತು. ಹೆಸರು ಉದ್ದವಾದ್ದರಿಂದ ಎಲ್ಲರ ಬಾಯಲ್ಲೂ ಅದು ಕ್ರೆಡೆಲ್. ಆಗ ಚಿತ್ರದುರ್ಗ ಜಿಲ್ಲೆ ಇನ್ನೂ ಒಡೆದಿರಲಿಲ್ಲ. ದಾವಣಗೆರೆ ಅದರೊಳಗೇ ಇತ್ತು, ಮರುವರ್ಷ ಬೇರೆಯಾಯಿತು. ದೀಪಗಳು ಸಂಜೆಯಾದರೆ ಮಿಣುಕುತ್ತಿದ್ದ ಕಾಲ ಅದು. ಮಳೆ ಕೈಕೊಟ್ಟ ವರ್ಷ ಲಿಂಗನಮಕ್ಕಿ ಜಲಾಶಯ ತುಂಬುತ್ತಿರಲಿಲ್ಲ, ಶರಾವತಿಯ ಜಲವಿದ್ಯುತ್ ಸೊರಗಿದರೆ ರಾಜ್ಯದ ಅರ್ಧ ಮಗ್ಗಗಳು ನಿಲ್ಲುವ ಹೆದರಿಕೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಕಲ್ಲಿದ್ದಲು ಹೊರರಾಜ್ಯದಿಂದಲೇ ರೈಲಿನಲ್ಲಿ ಬರಬೇಕಿತ್ತು. ಕಾರ್ಖಾನೆ ನಡೆಸುವವರು ಅಂಗಳದಲ್ಲಿ ಡೀಸೆಲ್ ಜನರೇಟರ್ ಇಟ್ಟುಕೊಂಡು, ಅದರ ಖರ್ಚನ್ನು ಸರಕಿನ ಬೆಲೆಗೆ ಸೇರಿಸಿ, ಹೇಗೋ ದಿನ ದೂಡುತ್ತಿದ್ದರು.

ಚಿತ್ರದುರ್ಗದ ಗುಡ್ಡಗಳ ಮೇಲೆ ಬಂಡವಾಳ ಹೂಡಲು ಬಂದ ಮೊದಲ ಉದ್ಯಮಿಗಳನ್ನು ಕರೆತಂದದ್ದು ಈ ಕರೆಂಟಿನ ಸಂಕಟ. ಭೂಮಿ ಬಿಸಿಯಾಗುವ ಮಾತು ಅಂದಿನ ಆಡಳಿತ ಮಂಡಳಿಗಳ ಸಭೆಯಲ್ಲಿ ಬರುತ್ತಿರಲಿಲ್ಲ. ಇಂಗಾಲದ ಹೊರಸೂಸುವಿಕೆ ತಗ್ಗಿಸುವ ಕ್ಯೋಟೋ ಒಪ್ಪಂದಕ್ಕೆ ಜಗತ್ತು ಒಪ್ಪಿದ್ದೇ 1997ರ ಡಿಸೆಂಬರಿನಲ್ಲಿ. ಬಂದದ್ದು ಪರಿಸರಕ್ಕಾಗಿ ಅಲ್ಲ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಲೆಕ್ಕಾಚಾರದಿಂದ ಬಂದವರು ಇಲ್ಲಿ ಬೇರೂರಿದರು, ಬೇರೂರಿದ ಮೇಲೆ ನೀತಿ ಗಟ್ಟಿಯಾಗಿರಲಿ ಎಂದು ಸರ್ಕಾರದ ಬಾಗಿಲು ತಟ್ಟಿದರು. ಉದ್ಯಮದ ಮುಂದಾಳುಗಳು ಇಂಗಾಲಮುಕ್ತ ನೀತಿಗೆ ಕೊಟ್ಟ ಬೆಂಬಲದ ನಿಜವಾದ ಚರಿತ್ರೆ, ನಮ್ಮ ಜಿಲ್ಲೆಯ ಮಟ್ಟಿಗೆ, ಇಪ್ಪತ್ತು ಇಪ್ಪತ್ತೈದು ವರ್ಷಗಳ ಕರಾರುಗಳಿಗೆ ಅವರು ಹಾಕಿದ ಸಹಿಗಳಲ್ಲಿದೆ. ಭಾಷಣಗಳು ಬಂದದ್ದು ಆಮೇಲೆ.

ಹಿರಿಯೂರು ತಾಲ್ಲೂಕಿನ ಐಮಂಗಲದ ಯಂತ್ರಗಳು ಆ ಸಹಿಗಳ ಫಲಗಳಲ್ಲಿ ಹಳೆಯವು. 1990ರ ದಶಕ ಮುಗಿಯುವ ಹೊತ್ತಿಗೆ ಬಿಎಸ್‌ಇಎಸ್, ಅಂದರೆ ಮುಂಬಯಿಯ ಉಪನಗರಗಳಿಗೆ ವಿದ್ಯುತ್ ಹಂಚುತ್ತಿದ್ದ ಹಳೆಯ ಕಂಪನಿ, ಇಲ್ಲಿ 33 ಗಾಳಿಯಂತ್ರಗಳನ್ನು ನಿಲ್ಲಿಸಿತು. ಒಂದೊಂದರ ಸಾಮರ್ಥ್ಯ 230 ಕಿಲೋವಾಟ್, ಒಟ್ಟು 7.59 ಮೆಗಾವಾಟ್. ಮುಂದೆ ಆ ಕಂಪನಿ ರಿಲಯನ್ಸ್ ಕೈಗೆ ಹೋಯಿತು. ಇಂದಿನ ಕಣ್ಣಿಗೆ ಇದು ಪುಟ್ಟ ಯೋಜನೆ. ಆದರೆ ಮುಂಬಯಿಯ ಮಂದಿ ಅಲ್ಲಿಂದ ಇಷ್ಟು ದೂರದ ಬಯಲುಸೀಮೆಯ ಗುಡ್ಡಕ್ಕೆ ಹಣ ಸುರಿದರು ಎಂಬುದೇ ಆಗ ಸುದ್ದಿ. ಪೂನಾ ಬೆಂಗಳೂರು ಹೆದ್ದಾರಿಯಲ್ಲಿ ಹೋಗುವ ಲಾರಿ ಚಾಲಕರು ನಿಧಾನಿಸಿ ನೋಡುತ್ತಿದ್ದ ನೋಟವದು. ಜೋಗಿಮಟ್ಟಿ ಬೆಟ್ಟದ ನೆತ್ತಿಯಲ್ಲೂ ಅದೇ ಕಾಲದ ಆಸುಪಾಸು ರೆಕ್ಕೆಗಳು ತಿರುಗತೊಡಗಿದವು. ಹಳ್ಳಿಯವರು ಮೊದಲ ದಿನದಿಂದ ಅವನ್ನು ಫ್ಯಾನು ಎಂದರು, ಇವತ್ತಿಗೂ ಫ್ಯಾನೇ.

ಬಂಡವಾಳಕ್ಕೆ ಆಸೆ ಹುಟ್ಟಿಸಿದ್ದು ದೆಹಲಿಯ ತೆರಿಗೆ ಕಾನೂನು. ಗಾಳಿಯಂತ್ರ ಕೊಂಡ ಮೊದಲ ವರ್ಷವೇ ಅದರ ಪೂರ್ತಿ ಬೆಲೆಯನ್ನು ಸವಕಳಿಯಾಗಿ ತೋರಿಸಿ ಆದಾಯ ತೆರಿಗೆ ಉಳಿಸಿಕೊಳ್ಳಬಹುದಿತ್ತು. ನಂತರ ಅದು ಶೇ 80ಕ್ಕೆ ಇಳಿಯಿತು. ಸಾಲ ಕೊಡಲು 1987ರಲ್ಲೇ ಸ್ಥಾಪನೆಯಾಗಿದ್ದ ಕೇಂದ್ರ ಸರ್ಕಾರದ ಸಂಸ್ಥೆ ಐರೆಡಾ ಇತ್ತು. ಜವಳಿ ಗಿರಣಿ, ಬಿತ್ತನೆ ಬೀಜ, ಗಣಿ, ಸಾಗಣೆ ಹೀಗೆ ಏನೇನೋ ವ್ಯವಹಾರದವರು ಗಾಳಿಯಂತ್ರದ ಒಡೆಯರಾದದ್ದು ಈ ದಾರಿಯಲ್ಲಿ. ಸೂರತ್ತಿನಲ್ಲಿ ಬಟ್ಟೆಯ ಉದ್ಯಮ ನಡೆಸುತ್ತಿದ್ದ ತುಳಸಿ ತಾಂತಿ ವಿದ್ಯುತ್ ಬಿಲ್ಲಿನ ಭಾರ ತಾಳಲಾರದೆ ಎರಡು ಗಾಳಿಯಂತ್ರ ಕೊಂಡು, ಅದರ ಅನುಭವದಿಂದಲೇ 1995ರಲ್ಲಿ ಸುಜ್ಲಾನ್ ಕಟ್ಟಿದರು. ಆ ಕಂಪನಿಯ ರೆಕ್ಕೆ ತಯಾರಿಸುವ ಕಾರ್ಖಾನೆ ಮುಂದೆ ನಮ್ಮ ಉಡುಪಿಯ ಪಡುಬಿದ್ರಿಗೆ ಬಂತು. ಕೊಳ್ಳುವವನೇ ತಯಾರಕನಾದ ಈ ಉದಾಹರಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ತೆರಿಗೆ ಉಳಿಸಲು ಬಂದವರೆಲ್ಲ ಲಾಭಕೋರರೆಂದು ತಳ್ಳಿಹಾಕುವವರು ಅವರಲ್ಲಿ ಕೆಲವರು ಇಡೀ ಒಂದು ಉದ್ಯಮವನ್ನೇ ಹುಟ್ಟಿಸಿದ್ದನ್ನು ಮರೆಯುತ್ತಾರೆ. ಸವಕಳಿ ಪಡೆದು ಯಂತ್ರದ ದುರಸ್ತಿಯನ್ನೇ ಮರೆತವರು ದೇಶದಲ್ಲಿ ಇದ್ದರೆಂಬುದೂ ನಿಜ. ಹೂಡಿಕೆಗೆ ಕೊಡುವ ರಿಯಾಯಿತಿಗಿಂತ ಉತ್ಪಾದಿಸಿದ ಯೂನಿಟ್ಟಿಗೆ ಕೊಡುವ ಪ್ರೋತ್ಸಾಹ ಮೇಲು ಎಂಬ ವಾದ ಬಲವಾಗಿ, 2009ರಲ್ಲಿ ಕೇಂದ್ರ ಸರ್ಕಾರ ಯೂನಿಟ್ಟಿಗೆ 50 ಪೈಸೆ ಪ್ರೋತ್ಸಾಹಧನ ತಂದದ್ದು ಈ ಹಿನ್ನೆಲೆಯಲ್ಲಿ.

ರಾಜ್ಯದಲ್ಲಿ ಇಷ್ಟರೊಳಗೆ ವಿದ್ಯುತ್ತಿನ ಮನೆಯೇ ಬದಲಾಗಿತ್ತು. 1999ರಲ್ಲಿ ವಿದ್ಯುತ್ ಮಂಡಳಿ ಹೋಗಿ ಕೆಪಿಟಿಸಿಎಲ್ ಕಂಪನಿ ಬಂತು, ದರ ನಿಗದಿಗೆ ನಿಯಂತ್ರಣ ಆಯೋಗ ಬಂತು, 2002ರಲ್ಲಿ ವಿದ್ಯುತ್ ಹಂಚುವ ಬೆಸ್ಕಾಂ ಹುಟ್ಟಿ ಚಿತ್ರದುರ್ಗ ಅದರ ವ್ಯಾಪ್ತಿಗೆ ಸೇರಿತು. 2003ರ ವಿದ್ಯುತ್ ಕಾಯ್ದೆ ಉದ್ಯಮದ ಕೈಗೆ ದೊಡ್ಡ ಕೀಲಿಕೈ ಕೊಟ್ಟಿತು: ಉತ್ಪಾದನೆಗೆ ಪರವಾನಗಿ ಬೇಡ, ಸ್ವಂತ ಬಳಕೆಗೆ ಎಲ್ಲಿ ಬೇಕಾದರೂ ಉತ್ಪಾದಿಸಿ ಸರ್ಕಾರಿ ತಂತಿಯಲ್ಲಿ ಸಾಗಿಸಬಹುದು. ಹೊಸದುರ್ಗದ ಗುಡ್ಡದಲ್ಲಿ ತಿರುಗುವ ಯಂತ್ರದ ಕರೆಂಟನ್ನು ಬೆಂಗಳೂರಿನ ಪೀಣ್ಯದ ಕಾರ್ಖಾನೆ ತನ್ನದೆಂದು ಬಳಸುವುದು ಸಾಧ್ಯವಾಯಿತು.

ಇಲ್ಲಿ ನಮ್ಮ ಗಾಳಿಯ ಸ್ವಭಾವವನ್ನು ತಿಳಿಯಬೇಕು. ಪಶ್ಚಿಮ ಘಟ್ಟದ ಸಂದುಗಳಿಂದ ನುಗ್ಗುವ ನೈಋತ್ಯ ಮಾರುತ ಮಲೆನಾಡಿಗೆ ಮಳೆ ಕೊಟ್ಟು, ಹೊಳಲ್ಕೆರೆ ದಾಟುವಾಗ ಬರಿಯ ಗಾಳಿಯಾಗಿರುತ್ತದೆ. ಹಿರಿಯೂರಿನ ರೈತನಿಗೆ ಮೋಡ ಕಾಣುತ್ತದೆ, ಹನಿ ಬೀಳುವುದಿಲ್ಲ. ಮಳೆಯ ನೆರಳಿನ ಈ ಶಾಪವೇ ಯಂತ್ರಕ್ಕೆ ವರ. ಗಾಳಿಯ ವೇಗ ಇಮ್ಮಡಿಯಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟಾಗುವುದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲೇ ವರ್ಷದ ಉತ್ಪಾದನೆಯ ಬಹುಪಾಲು ಬಂದುಬಿಡುತ್ತದೆ. ಆಷಾಢದಲ್ಲಿ ಹುಡುಗರು ಗಾಳಿಪಟ ಬಿಡುವ ಹೊತ್ತಿಗೆ ಯಂತ್ರ ಹಗಲಿರುಳು ಓಡುತ್ತದೆ. ಮಾಘದಲ್ಲಿ ರೆಕ್ಕೆ ಅಲುಗುವುದೇ ಕಷ್ಟ. ಕಾರ್ಖಾನೆಗೆ ಬೇಕಾಗುವುದೋ ಹನ್ನೆರಡು ತಿಂಗಳೂ ಒಂದೇ ಸಮ. ಗಾಳಿ ಬಂದಾಗ ತೂರಿಕೋ ಎನ್ನುವ ನಮ್ಮ ಗಾದೆಗೆ ನಿಯಂತ್ರಣ ಆಯೋಗ ಕಾನೂನಿನ ರೂಪ ಕೊಟ್ಟಿತೆನ್ನಬಹುದು: ಆಷಾಢದ ಹೆಚ್ಚುವರಿ ಯೂನಿಟ್ಟನ್ನು ವಿದ್ಯುತ್ ಜಾಲದ ಲೆಕ್ಕಕ್ಕೆ ಜಮಾ ಮಾಡಿ ಬೇಸಗೆಯಲ್ಲಿ ಹಿಂದಕ್ಕೆ ಪಡೆಯುವ ಬ್ಯಾಂಕಿಂಗ್ ಸೌಲಭ್ಯ. ಈ ಒಂದು ನಿಯಮ ಇಲ್ಲದಿದ್ದರೆ ನಮ್ಮ ಜಿಲ್ಲೆಯ ಗುಡ್ಡಗಳಿಗೆ ಬೆಂಗಳೂರಿನ ಕಾರ್ಖಾನೆಗಳು ಇಷ್ಟು ಸಂಖ್ಯೆಯಲ್ಲಿ ಬರುತ್ತಿರಲಿಲ್ಲ. 2018ರಲ್ಲಿ ಇದನ್ನು ಮೊಟಕುಗೊಳಿಸಲು ಆಯೋಗ ಹೊರಟಾಗ ಉತ್ಪಾದಕರು ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಯವರೆಗೆ ಹೋದರು. ಬೆಸ್ಕಾಂನಂಥ ಕಂಪನಿಗಳ ಕಷ್ಟವೂ ಸುಳ್ಳಲ್ಲ, ಅಗ್ಗವಾಗಿದ್ದಾಗ ಜಮೆಯಾದ ಯೂನಿಟ್ಟನ್ನು ದುಬಾರಿ ಹೊತ್ತಿನಲ್ಲಿ ಅವರು ಮರಳಿಸಬೇಕು. ಆದರೂ ಉದ್ಯಮ ಇಲ್ಲಿ ತನ್ನ ಹಿತಕ್ಕಾಗಿ ಮಾಡಿದ ಜಗಳ ರಾಜ್ಯದ ಹಸಿರು ವಿದ್ಯುತ್ತಿಗೂ ಹಿತವೇ ಆಗಿತ್ತೆಂದು ನಾನು ನಂಬುತ್ತೇನೆ.

2005ರ ಫೆಬ್ರುವರಿಯಲ್ಲಿ ಕ್ಯೋಟೋ ಒಪ್ಪಂದ ಜಾರಿಯಾದ ಮೇಲೆ ಗಾಳಿಗೆ ಎರಡನೆಯ ಬೆಲೆ ಬಂತು. ಕಲ್ಲಿದ್ದಲು ಸುಡದೆ ಉಳಿಸಿದ ಪ್ರತಿ ಟನ್ ಇಂಗಾಲಾಮ್ಲಕ್ಕೂ ಒಂದು ಪ್ರಮಾಣಪತ್ರ, ಅದನ್ನು ಯುರೋಪಿನ ಕಂಪನಿಗಳಿಗೆ ಮಾರಬಹುದು. ಹೊಸಪೇಟೆಯ ಬಲ್ದೋಟ ಸಮೂಹದ ಎಂಎಸ್‌ಪಿಎಲ್, ಕಬ್ಬಿಣದ ಅದಿರು ತೆಗೆಯುವ ಕಂಪನಿ, ಕರ್ನಾಟಕದಲ್ಲಿ 125 ಮೆಗಾವಾಟ್ ಪವನ ಯೋಜನೆಯನ್ನು ಈ ವ್ಯವಸ್ಥೆಯಡಿ ತಂದಿತು. ಗಣಿಧಣಿಗಳೆಂದರೆ ಬೇರೆಯೇ ಚಿತ್ರ ಮೂಡುವ ಸೀಮೆಯಲ್ಲಿ ಇದನ್ನೂ ದಾಖಲಿಸಬೇಕು. ಹೊಳಲ್ಕೆರೆ ಕಡೆಯ ತುಪ್ಪದಹಳ್ಳಿಗೆ ಸ್ಪೇನಿನ ಆಕ್ಸಿಯೋನಾ ಬಂತು. 2011ರ ಹೊತ್ತಿಗೆ ತಲಾ 1.65 ಮೆಗಾವಾಟಿನ 34 ಯಂತ್ರಗಳು, ಒಟ್ಟು 56.1 ಮೆಗಾವಾಟ್. ಐಮಂಗಲದ 33 ಯಂತ್ರಗಳ ಪಕ್ಕದಲ್ಲಿಟ್ಟು ನೋಡಿ, ಹೆಚ್ಚುಕಡಿಮೆ ಅಷ್ಟೇ ಯಂತ್ರ, ಏಳು ಪಟ್ಟು ಸಾಮರ್ಥ್ಯ. ಸಾಮರ್ಥ್ಯದ ಶೇ 25ರಷ್ಟು ಸರಾಸರಿ ಉತ್ಪಾದನೆ ಎಂದು ಹಿಡಿದರೆ ವರ್ಷಕ್ಕೆ 12 ಕೋಟಿ ಯೂನಿಟ್. ಕಲ್ಲಿದ್ದಲೇ ಹೆಚ್ಚಿರುವ ನಮ್ಮ ದೇಶದ ಜಾಲದಲ್ಲಿ ಸಾವಿರ ಯೂನಿಟ್ಟಿಗೆ ಸುಮಾರು 0.7 ಟನ್ ಇಂಗಾಲಾಮ್ಲ ಹೊರಬೀಳುತ್ತದೆ. ಆ ಲೆಕ್ಕಕ್ಕೆ ಇದೊಂದೇ ಗುಡ್ಡಸಾಲು ವರ್ಷಕ್ಕೆ 80 ಸಾವಿರ ಟನ್ನಿಗಿಂತ ಹೆಚ್ಚು ತಡೆಯುತ್ತದೆ. 2012 ಮುಗಿಯುವಷ್ಟರಲ್ಲಿ ಪ್ರಮಾಣಪತ್ರದ ಬೆಲೆ ಒಂದು ಯೂರೋಗಿಂತ ಕೆಳಗೆ ಕುಸಿಯಿತು. ಅದನ್ನೇ ನಂಬಿ ಲೆಕ್ಕ ಹಾಕಿದ್ದವರಿಗೆ ಪೆಟ್ಟು ಬಿತ್ತು. ಯಂತ್ರಗಳು ನಿಲ್ಲಲಿಲ್ಲ, ಏಕೆಂದರೆ ಆಧಾರವಾಗಿದ್ದದ್ದು ಇಲ್ಲಿಯ ವಿದ್ಯುತ್ ಕರಾರು.

ಅದೇ 2012ರಲ್ಲಿ ಕೇಂದ್ರ ಸರ್ಕಾರ ತ್ವರಿತ ಸವಕಳಿಯನ್ನೂ ಯೂನಿಟ್ ಪ್ರೋತ್ಸಾಹಧನವನ್ನೂ ಒಟ್ಟಿಗೆ ನಿಲ್ಲಿಸಿತು. ಹಿಂದಿನ ವರ್ಷ ದೇಶದಲ್ಲಿ 3,100 ಮೆಗಾವಾಟಿಗೂ ಹೆಚ್ಚು ಹೊಸ ಪವನ ಸಾಮರ್ಥ್ಯ ಸೇರಿತ್ತು. 2012-13ರಲ್ಲಿ ಅದು ಸುಮಾರು 1,700ಕ್ಕೆ ಬಿತ್ತು. ಉದ್ಯಮದ ಮುಂದಾಳುಗಳು ದೆಹಲಿಯಲ್ಲಿ ಎಡತಾಕಿದರು, ಪ್ರೋತ್ಸಾಹಧನ ಮರುವರ್ಷ ಮರಳಿತು, ಸವಕಳಿ 2014ರಲ್ಲಿ. ಐದು ವರ್ಷದ ನಂತರ ಇನ್ನೊಂದು ಹೊಡೆತ. 2017ರ ಫೆಬ್ರುವರಿಯಲ್ಲಿ ನಡೆದ ಪವನ ವಿದ್ಯುತ್ತಿನ ಮೊದಲ ಹರಾಜಿನಲ್ಲಿ ಯೂನಿಟ್ ದರ 3 ರೂಪಾಯಿ 46 ಪೈಸೆಗೆ ಇಳಿದದ್ದೇ ತಡ, ನಿಗದಿತ ದರದಲ್ಲಿ ಕರಾರು ಮಾಡಿಕೊಳ್ಳಲು ರಾಜ್ಯಗಳು ಹಿಂದೆ ಸರಿದವು. ಬಳಕೆದಾರನಿಗೆ ಅಗ್ಗದ ಕರೆಂಟು ಸಿಕ್ಕಿತು, ಒಳ್ಳೆಯದೇ. ಆದರೆ ಹರಾಜಿನಲ್ಲಿ ಗೆಲ್ಲುವವರು ಭಾರೀ ಕಂಪನಿಗಳು. ಒಂದೋ ಎರಡೋ ಯಂತ್ರ ಕೊಂಡು ಗುಡ್ಡದ ಮೇಲೆ ನಿಲ್ಲಿಸುತ್ತಿದ್ದ ಮಧ್ಯಮ ಪ್ರಮಾಣದ ಉದ್ಯಮಿ ಆಟದಿಂದ ಹೊರಗಾದ. ಚಿತ್ರದುರ್ಗದ ಬೆಟ್ಟಗಳ ಹಳೆಯ ಒಡೆತನ ನೂರಾರು ಸಣ್ಣ ಕೈಗಳಲ್ಲಿ ಹಂಚಿಹೋಗಿದ್ದದ್ದು ನನಗೆ ಈಗಲೂ ಆರೋಗ್ಯಕರವಾಗಿ ಕಾಣುತ್ತದೆ.

ಉದ್ಯಮಿಗಳ ದನಿಗೆ ಸಂಘಟನೆಗಳೂ ಇವೆ. 1916ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ವಾಣಿಜ್ಯ ಮಂಡಳಿಯಾಗಿ ಆರಂಭವಾದ ಸಂಸ್ಥೆ ಇಂದು ಎಫ್‌ಕೆಸಿಸಿಐ. ಸಣ್ಣ ಕೈಗಾರಿಕೆಗಳ ಕಾಸಿಯಾ 1949ರದು. ಪ್ರತಿ ವರ್ಷ ನಿಯಂತ್ರಣ ಆಯೋಗದ ಮುಂದೆ ಈ ಸಂಸ್ಥೆಗಳವರು ಕಡತ ಹಿಡಿದು ನಿಲ್ಲುತ್ತಾರೆ. ದರ ಏರಿಸಬೇಡಿ ಎಂಬ ಅವರ ವಾದ ನಮಗೆಲ್ಲ ಗೊತ್ತು. ಆದರೆ ಉದ್ಯಮಿ ದರ ಕೇಳುವವನು, ಪರಿಸರದ ಚಿಂತೆ ಇನ್ನಾರದೋ ಎಂಬ ಹಂಚಿಕೆ ಹಳೆಯದಾಯಿತು. ಮೈಸೂರು ಸಂಸ್ಥಾನದ ಕೈಗಾರಿಕೆಯೇ ಕಲ್ಲಿದ್ದಲಿಲ್ಲದೆ ಬೆಳೆದದ್ದಲ್ಲವೇ? 1902ರಲ್ಲಿ ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಪಕ್ಕದ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸಿದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಲ್ಲಿ, 1950ರ ದಶಕದಲ್ಲಿ ಜೋಗದ ಕರೆಂಟಿನ ಕುಲುಮೆಯಲ್ಲಿ. ಇದ್ದಿಲಿಗೆ ಕಾಡು ಬಲಿಯಾಯಿತೆಂಬುದನ್ನು ಮರೆಯುವಂತಿಲ್ಲ. ಇಂಗಾಲದ ಲೆಕ್ಕ ಸರಿಹೋದರೂ ನೆಲದ ಲೆಕ್ಕ ತಪ್ಪಬಹುದು ಎಂಬುದಕ್ಕೆ ನಮ್ಮ ಮಗ್ಗುಲಲ್ಲೇ ಇರುವ ಸಾಕ್ಷಿ ಅದು.

ಈ ನೆಲದ ಲೆಕ್ಕ ನಮ್ಮ ಗುಡ್ಡಗಳಿಗೂ ಅನ್ವಯಿಸುತ್ತದೆ. ಗಾಳಿ ಜೋರಾಗಿರುವ ನೆತ್ತಿಗಳು ಬಹುಮಟ್ಟಿಗೆ ಅರಣ್ಯ ಇಲಾಖೆಯ ಜಾಗ. ಉದ್ದುದ್ದ ರೆಕ್ಕೆ ಹೊತ್ತ ಲಾರಿ ಹತ್ತಬೇಕಾದರೆ ಬೆಟ್ಟದ ಮೈಯನ್ನು ಕಡಿದು ಅಗಲವಾದ ರಸ್ತೆ ಮಾಡಬೇಕು. ತೆಳುಮಣ್ಣಿನ, ಕಲ್ಲುಬಂಡೆಯ ಇಳಿಜಾರಿನಲ್ಲಿ ಅಂಥ ರಸ್ತೆ ಮಾಡಿದರೆ ಮೊದಲ ಮಳೆಗೇ ಮಣ್ಣು ಹಳ್ಳಕ್ಕೆ ಇಳಿಯುತ್ತದೆ, ಕೆಳಗಿನ ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಜೋಗಿಮಟ್ಟಿ ಈಗ ವನ್ಯಜೀವಿ ಧಾಮ. ಕರಡಿ, ಚಿರತೆ, ನವಿಲುಗಳ ಮನೆ. ಹೊಸ ಯಂತ್ರಕ್ಕೆ ಅಲ್ಲಿ ಜಾಗ ಕೇಳಬಾರದೆಂಬ ಸಂಯಮವನ್ನು ಉದ್ಯಮವೇ ಮೊದಲು ತೋರಬೇಕು. ಕೆಳಗೆ ರೈತರ ಹೊಲಗಳಲ್ಲಿ ನಿಂತ ಯಂತ್ರಗಳ ಕಥೆ ಇನ್ನೊಂದು. ಬರಕ್ಕೆ ಬೇಸತ್ತ ಹೊಸದುರ್ಗ, ಹಿರಿಯೂರಿನ ಖುಷ್ಕಿ ಹೊಲಗಳನ್ನು ಆರಂಭದ ವರ್ಷಗಳಲ್ಲಿ ಒಂದೇ ಸಲಕ್ಕೆ ಮಾರಿದವರು ಆ ಹಣವನ್ನು ಮಗಳ ಮದುವೆಗೋ ಕೊಳವೆಬಾವಿಗೋ ಸುರಿದರು. ಅದೇ ಹೊಲದ ಯಂತ್ರ ಕಾಲು ಶತಮಾನ ದುಡಿಯಿತು. ಗುತ್ತಿಗೆಗೆ ಕೊಟ್ಟು ವರ್ಷವರ್ಷ ಬಾಡಿಗೆ ಎಣಿಸುವ ಪದ್ಧತಿ ತಡವಾಗಿ ಬಂತು. ಮೊದಲೇ ಬಂದಿದ್ದರೆ ಈ ತಾಲ್ಲೂಕುಗಳ ಎಷ್ಟೋ ಮನೆಗಳ ಬದುಕು ಬೇರೆಯಾಗಿರುತ್ತಿತ್ತು.

ಬೆಂಗಳೂರಿನ ಕಂಪನಿಗಳು ಈಗ ಇಂಗಾಲ ತಟಸ್ಥತೆಯ ಮಾತನ್ನು ಹೆಮ್ಮೆಯಿಂದ ಆಡುತ್ತವೆ, ಆಡಲಿ. ಪೂರ್ತಿ ನವೀಕರಿಸಬಹುದಾದ ವಿದ್ಯುತ್ ಬಳಸುವ ಪಣ ತೊಟ್ಟ ಆರ್‌ಇ100 ಜಾಗತಿಕ ಕೂಟಕ್ಕೆ 2015ರಲ್ಲಿ ಸೇರಿದ ಭಾರತದ ಮೊದಲ ಕಂಪನಿ ಇನ್ಫೋಸಿಸ್. 2020ರಲ್ಲಿ ತಾನು ಇಂಗಾಲ ತಟಸ್ಥವಾದೆನೆಂದು ಅದು ಘೋಷಿಸಿತು. ಹಿರಿಯೂರಿಗೆ ಹೊಂದಿಕೊಂಡ ಶಿರಾದಲ್ಲಿ ಅದರ ಸೌರ ಸ್ಥಾವರವಿದೆ. ಇಂಥ ಘೋಷಣೆಗಳು ಸುಮ್ಮನೆ ಬರುವುದಿಲ್ಲ, ಅವುಗಳ ಹಿಂದೆ ಮಧ್ಯ ಕರ್ನಾಟಕದ ಬಿಸಿಲು, ಗಾಳಿ, ನೆಲ ಇವೆ. ರಾಜಧಾನಿಯ ವರದಿಯಲ್ಲಿ ಆ ನೆಲದ ಊರುಗಳ ಹೆಸರೂ ಅಚ್ಚಾಗಬೇಕು. ಜಿಲ್ಲೆಯ ಸ್ವಂತ ಕೈಗಾರಿಕೆಗೂ ಈ ಕರೆಂಟು ಸಿಗಬೇಕು. ಎಣ್ಣೆ ಗಿರಣಿ, ಹತ್ತಿ ಜಿನ್ನಿಂಗ್, ಅಡಿಕೆ ಸಂಸ್ಕರಣೆ ನಡೆಸುವವರಿಗೆ ದೊಡ್ಡ ಕರಾರಿನ ಶಕ್ತಿಯಿಲ್ಲ. ಹತ್ತು ಹದಿನೈದು ಘಟಕಗಳು ಸೇರಿ ಒಂದು ಯಂತ್ರದಲ್ಲಿ ಪಾಲು ಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ: ಶೇ 26ರಷ್ಟು ಷೇರು ಬಳಕೆದಾರರದಾಗಿದ್ದು, ಶೇ 51ರಷ್ಟು ವಿದ್ಯುತ್ತನ್ನು ಅವರೇ ಬಳಸಿದರೆ ಅದು ಸ್ವಂತ ಸ್ಥಾವರವೇ. ಒಟ್ಟುಗೂಡಿಸುವವರು ಬೇಕು. ಜಿಲ್ಲೆಯ ವಾಣಿಜ್ಯ ಸಂಘಗಳು ಕೈಹಾಕಬೇಕಾದ ಕೆಲಸವಿದು.

ಗಣಿಯ ಮಾತು ಬೇರೆ ತೂಕದ್ದು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಬೆನ್ನಲ್ಲೇ ಚಿತ್ರದುರ್ಗ ಮತ್ತು ತುಮಕೂರಿನ ಕಬ್ಬಿಣದ ಗಣಿಗಾರಿಕೆಯನ್ನೂ ನಿಲ್ಲಿಸಿತು. ನೆಲದ ಪುನಶ್ಚೇತನ ಯೋಜನೆ ಒಪ್ಪಿಸಿದ ಗಣಿಗಳಷ್ಟೇ ಮಿತಿಯೊಳಗೆ ಮತ್ತೆ ತೆರೆದವು. ಭೀಮಸಮುದ್ರದ ಸುತ್ತಿನ ಅದಿರು ಇಂದು ಉಕ್ಕಿನ ಕುಲುಮೆಗೆ ಹೋಗುತ್ತದೆ. ಉಕ್ಕು ಉದ್ಯಮಕ್ಕೆ ಹೊಸ ಅಳತೆಗೋಲು ಬಂದಿದೆ: 2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯ, ಒಂದು ಟನ್ ಉಕ್ಕಿಗೆ 2.2 ಟನ್ನಿಗಿಂತ ಕಡಿಮೆ ಇಂಗಾಲಾಮ್ಲ ಹೊರಸೂಸಿದರೆ ಮಾತ್ರ ಅದನ್ನು ಹಸಿರು ಉಕ್ಕೆನ್ನಬಹುದೆಂದು ಗೊತ್ತುಮಾಡಿತು. ಯುರೋಪ್ ತನ್ನ ಗಡಿಯಲ್ಲಿ ಇಂಗಾಲದ ಸುಂಕ ಹಾಕುವ ವ್ಯವಸ್ಥೆ 2026ರಿಂದ ಪೂರ್ತಿ ಜಾರಿಗೆ ಬಂದಿದೆ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕು ಕಾರ್ಖಾನೆ ಸೌರ, ಪವನ ವಿದ್ಯುತ್ತಿನ ಕಡೆಗೆ ಹೊರಳಿ, ವರ್ಷಕ್ಕೆ 3,800 ಟನ್ ಹಸಿರು ಜಲಜನಕದ ಘಟಕಕ್ಕೆ ಕೈಹಾಕಿದೆ; ಅಷ್ಟು ದೊಡ್ಡ ಕಾರ್ಖಾನೆಯ ಹಸಿವಿಗೆ ಇದು ಒಂದು ತುತ್ತು, ಆದರೂ ಆರಂಭ. ಗಣಿಯಿಂದ ರೈಲಿನವರೆಗೆ ಅದಿರು ಒಯ್ಯುವ ಡೀಸೆಲ್ ಲಾರಿಗಳ ಹೊಗೆ, ಕೆಂಪು ಧೂಳು ಮಾತ್ರ ಇವತ್ತಿಗೂ ರಸ್ತೆ ಬದಿಯ ಹಳ್ಳಿಗಳ ಪಾಲು. ಗಾಳಿಯಂತ್ರದ ಕರೆಂಟಿನಲ್ಲಿ ಓಡುವ ಸಾಗಣೆ ಪಟ್ಟಿ ಅಥವಾ ಬ್ಯಾಟರಿ ಲಾರಿಗಳಿಂದ ಗಣಿ ಕಂಪನಿಗಳು ಕೆಲಸ ಆರಂಭಿಸಿದರೆ ಅದರ ಫಲ ಮೊದಲು ತಲುಪುವುದು ಆ ಹಳ್ಳಿಗಳ ಮಕ್ಕಳ ಶ್ವಾಸಕೋಶಕ್ಕೆ.

ಗಾಳಿಯ ಕರೆಂಟಿಗೆ ಒಪ್ಪುವ ಇನ್ನೊಂದು ಕೆಲಸ ನೀರಾವರಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಪಂಪುಗಳು ನೀರೆತ್ತುವುದೂ ಮಳೆಗಾಲದ ತಿಂಗಳುಗಳಲ್ಲೇ, ಜೂನ್‌ನಿಂದ ಅಕ್ಟೋಬರ್. ಹೊಸದುರ್ಗದ ಗಾಳಿ ಭರ್ತಿ ಬೀಸುವ ಕಾಲವೂ ಅದೇ. ಬಯಲುಸೀಮೆಗೆ ನೀರು ತರುವ ಏತಕ್ಕೂ ಬಯಲುಸೀಮೆಯ ಗಾಳಿಗೂ ಹೀಗೆ ತಿಂಗಳು ಹೊಂದುವುದು ಅಪರೂಪ. ನೀರಾವರಿ ನಿಗಮವೂ ಉತ್ಪಾದಕರೂ ಒಂದು ಋತುಮಾನದ ಕರಾರಿನ ಬಗ್ಗೆ ಕೂತು ಮಾತಾಡಿದರೆ ಬ್ಯಾಂಕಿಂಗ್‌ನ ತಕರಾರೂ ಒಂದಿಷ್ಟು ಸಡಿಲವಾಗುತ್ತದೆ.

ಇನ್ನು ಹಳೆಯ ಯಂತ್ರಗಳ ಭವಿಷ್ಯ. 230 ಕಿಲೋವಾಟಿನ ಆ ಕಾಲದ ಯಂತ್ರದ ರೆಕ್ಕೆಚಕ್ರದ ವ್ಯಾಸ ಸುಮಾರು 30 ಮೀಟರ್. ಇಂದಿನ 3 ಮೆಗಾವಾಟ್ ಯಂತ್ರದ್ದು 140 ಮೀಟರ್ ದಾಟಿದೆ. ಐಮಂಗಲದ 33 ಯಂತ್ರಗಳ ಸಾಮರ್ಥ್ಯವನ್ನು ಅಂಥ ಮೂರೇ ಯಂತ್ರ ಮೀರಿಸುತ್ತವೆ. ಸಣ್ಣ ಹಳೆಯ ಯಂತ್ರಗಳನ್ನು ತೆಗೆದು ಹೊಸವನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2016ರಲ್ಲಿ ನೀತಿ ಮಾಡಿ, 2023ರಲ್ಲಿ ಅದನ್ನು ತಿದ್ದಿ 2 ಮೆಗಾವಾಟಿಗಿಂತ ಸಣ್ಣ ಯಂತ್ರಗಳಿಗೆಲ್ಲ ಅನ್ವಯಿಸಿತು. ಅರಣ್ಯ ಭೂಮಿಯ ಗುತ್ತಿಗೆಗಳು 30 ವರ್ಷದವು. ಚಿತ್ರದುರ್ಗದ ಮೊದಲ ಗುತ್ತಿಗೆಗಳು ಮುಗಿಯುವ ಕಾಲ ಹತ್ತಿರವಾಗಿದೆ. ಮೂರು ಯಂತ್ರ ಸಾಕಾದಲ್ಲಿ ಮಿಕ್ಕ ಮೂವತ್ತರ ಬುಡದ ನೆಲ, ಅಲ್ಲಿಗೆ ಹೋಗುವ ದಾರಿ ಬಿಡುವಾಗುತ್ತದೆ. ಆ ನೆಲಕ್ಕೆ ಮತ್ತೆ ತುಗ್ಗಲಿ, ಕಮರ, ಜಾಲಿ ಬರಬೇಕು. ಕಾಂಕ್ರೀಟು ಕಿತ್ತು ಮಣ್ಣು ಮುಚ್ಚುವ ಖರ್ಚು ಯಂತ್ರದ ಒಡೆಯರದೆಂದು ಹೊಸ ಕರಾರಿನಲ್ಲೇ ಬರೆಯಬೇಕು. ಗಾಜಿನ ನಾರಿನ ಹಳೆಯ ರೆಕ್ಕೆಗಳನ್ನು ಕಣಿವೆಗೆ ಉರುಳಿಸದೆ ಸಿಮೆಂಟ್ ಗೂಡುಗಳಲ್ಲಿ ಇಂಧನವಾಗಿಯೂ ಕಚ್ಚಾವಸ್ತುವಾಗಿಯೂ ಬಳಸುವ ವಿಧಾನ ಯುರೋಪಿನಲ್ಲಿ ರೂಢಿಯಲ್ಲಿದೆ, ಇಲ್ಲಿಯೂ ಸಾಧ್ಯ. ಯಂತ್ರ ನಿಲ್ಲುವ ಗ್ರಾಮ ಪಂಚಾಯಿತಿಗೆ ಪ್ರತಿ ಯೂನಿಟ್ಟಿನಿಂದ ಇಂತಿಷ್ಟು ಪೈಸೆ ಎಂಬ ಷರತ್ತನ್ನೂ ಈ ಹೊತ್ತಿನಲ್ಲೇ ಸೇರಿಸಬೇಕು. ಕ್ರೆಡೆಲ್‌ನ ಅಧಿಕಾರಿಗಳು, ಅರಣ್ಯ ಇಲಾಖೆಯವರು, ಕಂಪನಿಗಳ ಮುಖ್ಯಸ್ಥರು ಈ ಕರಾರುಗಳ ಕರಡು ತಯಾರಿಸಲು ಕೂರುವ ಮೇಜಿಗೆ ಐಮಂಗಲ, ಹೊಸದುರ್ಗದ ಮತ್ತೋಡು, ತುಪ್ಪದಹಳ್ಳಿಗಳ ಪಂಚಾಯಿತಿ ಅಧ್ಯಕ್ಷರಿಗೂ ಕುರ್ಚಿ ಹಾಕಬೇಕು, ಸಹಿ ಬೀಳುವ ಮೊದಲೇ.